ಹನ್ನೆರಡು ಗಂಟಿನ ದಾರ

ಬಿ.ಜಿ. ಕೆರೆ ಊರಿನ ನಮ್ಮ ಓಣಿಗೆ ಇನ್ನೂ ಫೋನ್ ಬಂದಿರದ ದಿನಗಳು ಅವು. ನನಗೆ ಏಳೋ ಎಂಟೋ ವಯಸ್ಸು, ಸರಿಯಾಗಿ ನೆನಪಿಲ್ಲ. ದಾರ ಮಾತ್ರ ನೆನಪಿದೆ.

ಬೋರ್‌ವೆಲ್ಲಿನ ನೀರಿನಲ್ಲಿ ಅಪ್ಪ ಬೀಜಕ್ಕೆಂದು ಮೆಕ್ಕೆಜೋಳ ಬೆಳೆಯುತ್ತಿದ್ದ. ಗಿಡ ಮೊಣಕಾಲೆತ್ತರ ಬಂದಾಗ, ಜಾತಿ ಬೇರೆಯಾಗಿ ಕಂಡ ಬೆರಕೆ ಗಿಡಗಳನ್ನು ಕಿತ್ತೆಸೆಯುತ್ತಿದ್ದ. ಅವನ್ನು ಆಯ್ದು ನನ್ನ ಕುರಿಮರಿಗೆ ಹಾಕುತ್ತಿದ್ದೆ. ತಾಯಿ ಸತ್ತ ಆ ಮರಿಯನ್ನು ಪಕ್ಕದ ಹಟ್ಟಿಯ ಕಾಟಜ್ಜ ಕೊಟ್ಟಿದ್ದ. ಅದು ಎಳೆ ಜೋಳದೆಲೆ ಬಿಟ್ಟು ಬೇರೇನನ್ನೂ ಮೂಸುತ್ತಿರಲಿಲ್ಲ.

ಹುಳುವಿನ ಲೆಕ್ಕವೂ ನನ್ನದೇ. ಹೊಲದ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡಬೇಕು. ಸುಳಿಯ ಎಲೆಯಲ್ಲಿ ಸಾಲಾಗಿ ತೂತು ಕಂಡರೆ ಸೆಣಬಿನ ದಾರಕ್ಕೊಂದು ಗಂಟು. ಹತ್ತು ದಾಟಿದರೆ ಔಷಧಿ, ಇಲ್ಲವಾದರೆ ಇಲ್ಲ.

ಆ ಬೆಳಿಗ್ಗೆ ಹನ್ನೆರಡಾದವು. ಔಷಧಿ ಹೊಡೆದರೆ ಎಷ್ಟೋ ದಿನ ಮರಿಗೆ ಹೊಲದ ಒಂದೆಲೆಯನ್ನೂ ಹಾಕುವಂತಿಲ್ಲ. ಬದುವಿನ ಮೇಲೆ ಕೂತು ಹಲ್ಲಿನಿಂದ ಮೂರು ಗಂಟು ಬಿಚ್ಚಿದೆ.

"ಒಂಬತ್ತು" ಎಂದೆ.

ಅಪ್ಪ ದಾರವನ್ನು ಬೆಳಕಿಗೆ ಹಿಡಿದ. ಬಿಚ್ಚಿದ ಕಡೆ ಸೆಣಬು ಸೊಟ್ಟಗೇ ನಿಂತಿತ್ತು, ಎಂಜಲು ಇನ್ನೂ ಆರಿರಲಿಲ್ಲ.

"ಇಲ್ಲಿ ಮೂರು ಇದ್ವಲ್ಲ ಮಗಾ."

ಏಟು ಬೀಳುತ್ತದೆಂದುಕೊಂಡೆ. ಅವನು ಕೈ ಹಿಡಿದು ಹೊಲಕ್ಕೆ ಕರೆದೊಯ್ದು ಒಂದು ಸುಳಿ ಬಿಡಿಸಿದ. ಒಳಗೆ ಅಕ್ಕಿಕಾಳಿನಷ್ಟು ಹುಳು, ಒದ್ದೆ ಹಿಕ್ಕೆಯ ಹುಳಿ ವಾಸನೆ.

"ಇವತ್ತು ಸುಳಿಯಾಗೈತೆ. ನಾಲ್ಕು ದಿನ ಬಿಟ್ರೆ ದಂಟಿನೊಳಗೆ ಹೋಗ್ತೈತೆ. ಆಮ್ಯಾಕೆ ಏನ್ ಹೊಡದ್ರೂ ತಾಗಲ್ಲ."

ಮರಿ ಏನು ತಿನ್ನಬೇಕು ಎಂದು ಕೇಳುವಷ್ಟರಲ್ಲಿ ಅಳು ಬಂತು. ಅಪ್ಪ ತಲೆಯೆತ್ತಿ ಹೊತ್ತು ನೋಡಿದ.

"ಹೊತ್ತು ಇಳಿಯೋಗಂಟ ಹೊಡೆಯಲ್ಲ. ಅಷ್ಟ್ರಾಗೆ ಬೆರಕೆ ಎಷ್ಟ್ ಸಿಗ್ತಾವೋ ಕಿತ್ಕ."

ತಾನೂ ಬಗ್ಗಿ ಕಿತ್ತ. ಅವ್ವ ಅದನ್ನೆಲ್ಲ ಒದ್ದೆ ಗೋಣಿಯಲ್ಲಿ ಸುತ್ತಿಟ್ಟಳು. ಆ ಮೇವು ನಾಲ್ಕು ದಿನ ಬಂತು. ಐದನೆಯ ದಿನ ಮರಿ, ಬೇರೆ ದಾರಿಯಿಲ್ಲದೆ, ಗರಿಕೆಗೆ ಬಾಯಿ ಹಾಕಿತು.

ಮುಂದಿನ ವಾರ ಅಪ್ಪ ಅದೇ ದಾರವನ್ನು ನನ್ನ ಕೈಗೇ ಕೊಟ್ಟ. ನಾನು ಹೇಳಿದ ಲೆಕ್ಕವನ್ನು ಮತ್ತೆ ಹೋಗಿ ಎಣಿಸಲಿಲ್ಲ.

ಈಗ ಆ ಹೊಲ ತಮ್ಮನದು. ಯಾವ ದಿನ ಔಷಧಿ ಹೊಡೆಯಬೇಕೆಂದು ಫೋನಿಗೆ ಮೆಸೇಜು ಬರುತ್ತದೆ; ಹುಳು ಇರಲಿ ಬಿಡಲಿ, ಹೊಡೆಯುತ್ತಾನೆ. ಹೋದ ಸಲ ಊರಿಗೆ ಹೋದಾಗ ನಾನು ಸಾಲಿಗಿಳಿದೆ. ಐದು ಕಡೆ, ಇಪ್ಪತ್ತಿಪ್ಪತ್ತು ಗಿಡ. ತೂತು ಬಿದ್ದವು ಏಳು ಸಿಕ್ಕವು. ಬದುವಿಗೆ ಬಂದು ನಿಂತೆ. ಎಷ್ಟಾಯ್ತು ಎಂದು ಕೇಳಲು ಅಪ್ಪ ಇರಲಿಲ್ಲ.