ಏಳನೇ ದಾರಿಯ ನೊಯೆಲಿ

ವೆರ್ನೇಜ್ ಊರಿನ ಸುತ್ತಲಿನ ಗುಡ್ಡಗಳಲ್ಲಿ ಸೈಕಲ್ ಹೊಡೆಯಲು ಹೋಗಿ ದಾರಿ ತಪ್ಪಿತು ಎಂದು ನೊಯೆಲಿ ಶಸ್ತಾಂ ಎದುರಿಗೆ ಹೇಳಿ ನೋಡಿ, ಅವತ್ತು ನಿಮಗೆ ಉಂಡ ಅನ್ನ ಅರಗುವುದಿಲ್ಲ. "ತಪ್ಪಿದ್ದು ದಾರಿಯಲ್ಲ, ನಿಮ್ಮ ಕಣ್ಣು" ಎಂದೇ ಶುರುಮಾಡುತ್ತಾಳೆ. ಯಾವ ತಿರುವು, ಯಾವ ಮರ, ಹೊತ್ತೆಷ್ಟಾಗಿತ್ತು ಎಂದು ಪೊಲೀಸರ ಹಾಗೆ ಕೆದಕುತ್ತಾಳೆ. ನಿಮ್ಮನ್ನು ಸಾಗಹಾಕಿದ ಮೇಲೆ ಸುತ್ತಿಗೆ, ಮೊಳೆ, ಕೈಗರಗಸ ಚೀಲಕ್ಕೆ ತುರುಕಿಕೊಂಡು ತಾನೇ ಹೋಗಿ ನೋಡುತ್ತಾಳೆ. ದಾರಿ ತೋರಿಸುವ ಬಾಣದ ಹಲಗೆಯನ್ನು ಬಳ್ಳಿ ಮುಚ್ಚಿದ್ದರೆ ಬಳ್ಳಿಯನ್ನು ಕಿತ್ತು ಬಿಸಾಡಿ ಬರುತ್ತಾಳೆ. ಆ ಮಾತು ಮಾತ್ರ ಯಾರಿಗೂ ಹೇಳುವುದಿಲ್ಲ.

ಮೂವತ್ತೊಂದು ವರ್ಷ ಆ ಸೀಮೆಯ ಹಳ್ಳಿಗಳಿಗೆ ಅಂಚೆ ಹಂಚಿದ ಹೆಂಗಸು ಅವಳು. ಒಂದು ಕಾಗದವೂ ಬೇರೆ ಮನೆಗೆ ಹೋಗಲಿಲ್ಲ ಎಂಬುದು ಅವಳ ಹೆಮ್ಮೆ, ಊರಿನವರೂ ಅದನ್ನು ಒಪ್ಪುತ್ತಾರೆ. ಮದುವೆಯಾಗಲಿಲ್ಲ. ಯಾಕೆ ಎಂದವರಿಗೆ, "ಬೆಳಗಾಗೋ ಮುಂಚೆ ಮನೆ ಬಿಡೋಳನ್ನ ಯಾರು ಕಟ್ಕೋತಾರೆ, ಬೇಕರಿಯವನು ಬಿಟ್ರೆ? ಅವನಿಗೆ ಆಗಲೇ ಹೆಂಡ್ತಿ ಇದ್ಲು" ಎನ್ನುತ್ತಿದ್ದಳು. ಅರವತ್ತಕ್ಕೆ ಕೆಲಸದಿಂದ ಬಿಡುಗಡೆಯಾದಾಗ ಮೂರೇ ವಾರ ಮನೆಯಲ್ಲಿ ಕೂತಳು. ನಾಲ್ಕನೇ ವಾರ ಮೇಯರ್ ಕಚೇರಿಯಿಂದ ಕೇಳಿಕೊಂಡರು: ಗುಡ್ಡದ ಸೈಕಲ್ ದಾರಿಗಳು ಹನ್ನೊಂದಿವೆ, ನೂರ ಎಂಬತ್ತು ಕಿಲೋಮೀಟರ್, ಗುರುತು ಹಾಕಿಕೊಂಡು ನೋಡಿಕೊಳ್ಳುವವರು ಬೇಕು. ನೊಯೆಲಿ ಹೂಂ ಎಂದಳು. ಹಳೆಯ ಹಲಗೆಗಳನ್ನೆಲ್ಲ ಕಿತ್ತು ರಾಶಿ ಹಾಕಿದ್ದು ಅವಳ ಮೊದಲ ಕೆಲಸ.

ಅವಳ ಕ್ರಮವೇ ಬೇರೆ. ತಿರುವಿನಲ್ಲಿ ಹಲಗೆ ಹೊಡೆಯುವುದು ಯಾರಿಗೂ ಬರುತ್ತದೆ. ನೊಯೆಲಿ ತಿರುವು ದಾಟಿ ಮೂವತ್ತು ಹೆಜ್ಜೆ ಆಚೆಗೆ ಇನ್ನೊಂದು ಹೊಡೆಯುತ್ತಾಳೆ. "ತಿರುಗಿದ ಮೇಲೇ ಮನುಷ್ಯನಿಗೆ ಅನುಮಾನ ಬರೋದು. ಸರಿಯಾಗಿ ಬಂದಿದೀಯ ಹೋಗು ಅಂತ ಅಲ್ಲಿ ಹೇಳಬೇಕು." ದೂರದ ಪಟ್ಟಣಗಳಿಂದ ಬಂದವರು ಇದನ್ನು ಮೆಚ್ಚಿಕೊಂಡು ಹೋಗುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು, ಅದೇನು ದೊಡ್ಡ ವಿಷಯ ಎಂಬಂತೆ.

ಎಲ್ಲರೂ ಕೇಳಿಕೊಂಡು ಬರುತ್ತಿದ್ದದ್ದು ಏಳನೇ ದಾರಿ. ಅದರ ನಡುವೆ ಕ್ರೋ ಓಣಿ ಎಂದು ಒಂಬೈನೂರು ಮೀಟರ್ ಇಳಿಜಾರಿದೆ. ಎರಡೂ ಕಡೆ ಆಳೆತ್ತರದ ದಿಬ್ಬ, ಮೇಲೆ ಚೆಸ್ಟ್‌ನಟ್ ಮರಗಳು, ಕಾಲಡಿ ಬೇರು ಮತ್ತು ಕಲ್ಲು. ಗಾಡಿ ಎತ್ತುಗಳು ತುಳಿದು ತುಳಿದು ಅಷ್ಟು ತಗ್ಗಾದ ಓಣಿ. ನೊಯೆಲಿ ಕೆಲಸ ಹಿಡಿದ ಮೊದಲನೇ ಚಳಿಗಾಲ ಬಿರುಗಾಳಿ ಬಂದು ಎರಡು ಮರಗಳು ಓಣಿಗೆ ಅಡ್ಡ ಬಿದ್ದವು. ಮರಗಳು ಪಕ್ಕದ ಹುಲ್ಲುಗಾವಲಿನ ಉರ್ಬಾಂ ಬೂರ್ಝೆಯವು. ಕೆಂಪು ಹಸುಗಳನ್ನು ಸಾಕುವ ಅವನೂ ನೊಯೆಲಿಯೂ ಶಾಲೆಯಲ್ಲಿ ಒಂದೇ ಬೆಂಚಿನವರು. ಬಿದ್ದ ಮರ ಯಾರದೋ ಸೌದೆಯೂ ಅವರದೇ, ತೆಗೆಯಬೇಕಾದವರೂ ಅವರೇ, ಬೇರೆಯವರು ಗರಗಸ ಮುಟ್ಟಿಸುವಂತಿಲ್ಲ ಎಂಬುದು ಆ ಸೀಮೆಯ ನಡವಳಿಕೆ. ನೊಯೆಲಿ ಹೋಗಿ ಹೇಳಿದಳು. ಉರ್ಬಾಂ ಒಂದು ಲೋಟ ವೈನ್ ಬಗ್ಗಿಸಿಕೊಟ್ಟು, "ತೆಗೀತೀನಿ. ಅಲ್ಲೀತನಕ ಸೈಕಲ್‌ನೋರು ನನ್ನ ಹುಲ್ಲುಗಾವಲಿನ ಅಂಚಲ್ಲಿ ಹೋಗ್ಲಿ, ಗೇಟು ಹಾಕ್ಕೊಂಡು ಹೋದ್ರೆ ಸಾಕು" ಎಂದ.

ನೊಯೆಲಿ ಹಲಗೆಗಳನ್ನು ಹುಲ್ಲುಗಾವಲಿಗೆ ಬದಲಿಸಿದಳು. ಉರ್ಬಾಂ ಮರ ತೆಗೆಯಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಇನ್ನೊಬ್ಬನ ಮರದ ಮಾತು ಎರಡನೇ ಸಲ ಎತ್ತಿದರೆ ಅಲ್ಲಿ ಅದು ಸೋಮಾರಿ ಎಂದು ಮುಖಕ್ಕೇ ಬೈದ ಹಾಗೆ. ಹೀಗೆ ಆರು ವರ್ಷ ಕಳೆಯಿತು. ಓಣಿಯಲ್ಲಿ ಮುಳ್ಳು ಎದೆಮಟ್ಟ ಬೆಳೆಯಿತು, ಹೊಸ ನಕ್ಷೆಯಲ್ಲಿ ಏಳನೇ ದಾರಿ ಹುಲ್ಲುಗಾವಲಿನಲ್ಲೇ ಹಾದುಹೋಗುವಂತೆ ಅಚ್ಚಾಯಿತು.

ಈ ವರ್ಷ ಏಪ್ರಿಲ್‌ನಲ್ಲಿ ಮೇಯರ್ ಕಚೇರಿಯ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಕ್ರೋ ಓಣಿಯನ್ನು ಜನ ಬಳಸುವುದು ಬಿಟ್ಟಿದ್ದಾರೆ, ಪಕ್ಕದ ಜಮೀನಿನ ಉರ್ಬಾಂ ಬೂರ್ಝೆಗೆ ಮಾರಲು ಕಚೇರಿ ಯೋಚಿಸಿದೆ, ಹದಿನೈದು ದಿನ ಸಾರ್ವಜನಿಕ ವಿಚಾರಣೆ, ಹೇಳುವುದಿದ್ದವರು ರಿಜಿಸ್ಟರಿನಲ್ಲಿ ಬರೆಯಬಹುದು. ಬಳಸುತ್ತಿಲ್ಲ ಎನ್ನುವುದಕ್ಕೆ ಲಗತ್ತಿಸಿದ ಪುರಾವೆ ಸೈಕಲ್ ದಾರಿಗಳ ನಕ್ಷೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಸಿದ್ಧಪಡಿಸಿದವರು ನೊಯೆಲಿ ಶಸ್ತಾಂ. ಒಮ್ಮೆ ಮಾರಿಬಿಟ್ಟರೆ ಓಣಿ ಊರಿಗೆ ಮರಳುವುದಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಉರ್ಬಾಂ ಕೊಟ್ಟಿಗೆಗೆ ಹೋದಳು.

"ಏನೋ, ಊರ ಓಣಿನೇ ನುಂಗೋಕೆ ಹೊರಟಿದೀಯಂತೆ?"

ಉರ್ಬಾಂ ಕರುವಿನ ಕಿವಿಗೆ ಬಿಲ್ಲೆ ಹಾಕುತ್ತಿದ್ದ. ತಲೆ ಎತ್ತಲಿಲ್ಲ. "ಬಂದೆಯಾ? ಇದರ ಕಾಲು ಸ್ವಲ್ಪ ಹಿಡ್ಕೋ, ಒದೆಯುತ್ತೆ."

ಜಗಳಕ್ಕೆ ಬಂದವಳು ಕರುವಿನ ಕಾಲು ಹಿಡಿದು ಕೂತಳು.

"ನುಂಗೋದೇನು ಬಂತು" ಎಂದ ಉರ್ಬಾಂ. "ಆ ಕಡೆ ಒಂದು ಹುಲ್ಲುಗಾವಲು, ಈ ಕಡೆ ಒಂದು, ನಡುವೆ ಬರೀ ಮುಳ್ಳು. ನಿನ್ನ ನಕ್ಷೇಲೇ ಓಣಿ ಇಲ್ಲ. ಇನ್ಯಾರಿಗೆ ಬೇಕು ಅಂತ ಅರ್ಜಿ ಹಾಕ್ದೆ."

"ಬೇಡ ಅಂತ ನಾನ್ಯಾವತ್ತು ಅಂದೆ?"

"ಬೇಕು ಅಂತಾನೂ ಅನ್ಲಿಲ್ಲ ನೀನು. ನಿನ್ನ ಸೈಕಲ್‌ಗಳಿಗೇನೀಗ, ನಾನಿರೋತನಕ ಹುಲ್ಲಲ್ಲಿ ಓಡಾಡ್ಲಿ."

"ನೀನು ಹೋದ ಮೇಲೆ?"

"ಆಮೇಲೆ ಅದು ನನ್ನ ತಂಗಿ ಮಗಳದ್ದು. ಅವಳನ್ನೇ ಕೇಳು."

ಆ ಮರ ಯಾಕೆ ತೆಗೆಯಲಿಲ್ಲ ಎಂಬ ಮಾತು ನೊಯೆಲಿಯ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ಕಾಲು ಬಿಟ್ಟು ಎದ್ದು ಹೋದಳು.

ನೊಯೆಲಿಯ ಕರೆಗೆ ಎರಡು ಭಾನುವಾರ ಸೈಕಲ್ ಸಂಘದ ಇಪ್ಪತ್ತು ಜನ ಓಣಿಗೆ ಬಂದು ಕುಡುಗೋಲು ಹಿಡಿದು ಮುಳ್ಳು ಸವರಿದರು. ನೊಯೆಲಿ ಆಲೂಗಡ್ಡೆ ಕಡುಬು ಮಾಡಿ ಹೊತ್ತು ತಂದಳು. ಆ ದಪ್ಪ ಮರಗಳ ಹತ್ತಿರ ಬಂದಾಗ ಒಬ್ಬ ಯಂತ್ರದ ಗರಗಸ ಎತ್ತಿಕೊಂಡ. "ಅದು ಉರ್ಬಾಂ ಮರ. ಕೈ ಹಚ್ಚಬೇಡ" ಎಂದಳು. ಅಲ್ಲಿ ಎಲ್ಲರೂ ಸೈಕಲ್ ಹೆಗಲಿಗೇರಿಸಿ ದಾಟಿದರು.

ವಿಚಾರಣೆಯ ಕೊನೆಯ ದಿನ, ಶುಕ್ರವಾರ ಮಧ್ಯಾಹ್ನ, ಅದಕ್ಕೆಂದೇ ನೇಮಿಸಿದ ಅಧಿಕಾರಿ ಲಾಬ್ರೂನಿ ಮೇಯರ್ ಕಚೇರಿಯಲ್ಲಿ ಬಂದು ಕೂತರು. ನಿವೃತ್ತ ಸರ್ವೆಯರ್, ಮಾತು ಕಡಿಮೆ. ರಿಜಿಸ್ಟರಿನಲ್ಲಿ ಇಪ್ಪತ್ತಮೂರು ಜನ ಓಣಿ ಉಳಿಸಿ ಎಂದು ಬರೆದಿದ್ದರು. ಉರ್ಬಾಂ ತನ್ನ ಸರದಿ ಕಾಯುತ್ತ ಗೋಡೆಯ ಪಕ್ಕದ ಬೆಂಚಿನ ಮೇಲಿದ್ದ.

"ಮೇಡಂ, ಓಣಿ ಬೇಕು ಅಂತ ಎಲ್ಲರೂ ಬರೆದಿದಾರೆ" ಎಂದರು ಲಾಬ್ರೂನಿ, ಎದುರು ಕುರ್ಚಿಗೆ ಬಂದ ನೊಯೆಲಿಗೆ. "ಆರು ವರ್ಷದಲ್ಲಿ ಅಲ್ಲಿ ಹೋಗಿದ್ದೆ ಅಂತ ಒಬ್ರೂ ಬರೆದಿಲ್ಲ. ಮೊನ್ನೆ ಮೊನ್ನೆ ಮುಳ್ಳು ಸವರಿದ್ದು ಲೆಕ್ಕಕ್ಕೆ ಬರಲ್ಲ. ನಿಮ್ಮ ನಕ್ಷೆ ಸರಿಯಾಗೇ ಇದೆ ತಾನೇ?"

ನೊಯೆಲಿಗೆ ಆ ಪ್ರಶ್ನೆ ನಾಟಿತು. ಸರಿ ಎಂದರೆ ಓಣಿ ಹೋಯಿತು, ತಪ್ಪು ಎಂದರೆ ಅವಳ ಹೆಸರು ಹೋಯಿತು. ಹತ್ತಿಪ್ಪತ್ತು ಜನ ನಿಂತು ಕೇಳುತ್ತಿದ್ದರು, ಅವರಲ್ಲಿ ಅರ್ಧ ಜನ ಅವಳು ಕಾಗದ ಹಂಚಿದ ಮನೆಗಳವರೇ. ನಾಚಿಕೆಯಾಯಿತು.

"ನಕ್ಷೆ ತಪ್ಪು" ಎಂದಳು. "ಜನ ಬಿಟ್ಟದ್ದಲ್ಲ ಆ ಓಣೀನ. ಅಡ್ಡ ಮರ ಬಿದ್ದಿತ್ತು ಅಂತ ನಾನು ಅವರನ್ನ ಬೇರೆ ಕಡೆ ಕಳಿಸ್ದೆ, ವಾಪಸ್ ಕರೀಲಿಲ್ಲ. ನಾನು ಬಾಣ ಹಾಕಿದ ಕಡೆ ಜನ ಹೋಗ್ತಾರೆ. ತಪ್ಪು ನಂದು."

"ಇದನ್ನ ಬರೆದು ಸಹಿ ಹಾಕ್ತೀರಾ?"

ಬರೆದಳು. ಅಂಚೆ ಕಚೇರಿಯ ದುಂಡನೆಯ ಅಕ್ಷರದಲ್ಲಿ ಒಂದೂ ಹೊಡೆದುಹಾಕದೆ ಅರ್ಧ ಪುಟ ಬರೆದು ಸಹಿ ಹಾಕಿದಳು.

ಉರ್ಬಾಂ ಸರದಿ ಬಂತು. ಜಮೀನು ಒಂದಾದರೆ ಹಸುಗಳಿಗೆ ಅನುಕೂಲ ಎಂದು ಮನೆಯಲ್ಲೇ ಬರೆದ ಚೀಟಿ ಜೇಬಿನಲ್ಲಿತ್ತು. ಅದನ್ನು ನಕಲು ಮಾಡಬೇಕು, ಅಷ್ಟೇ. ಕೂತ. ರಿಜಿಸ್ಟರಿನ ಅದೇ ಪುಟದ ಮೇಲ್ಗಡೆ ನೊಯೆಲಿಯ ಬರಹ ಕಣ್ಣಿಗೆ ಬಿತ್ತು, ಬೆರಳಿಟ್ಟು ಓದಿದ. ಮತ್ತೊಮ್ಮೆ ಮೊದಲಿಂದ ಓದಿದ. ಮರ ಬಿದ್ದಿತ್ತು ಎಂದಿತ್ತು. ಯಾರ ಮರ ಎಂದು ಇರಲಿಲ್ಲ. ಅವನ ಕಿವಿ ಕೆಂಪಾಯಿತು.

"ಸಾರ್, ನಾನು ಬೇರೇನಾದ್ರೂ ಬರೀಬೋದಾ?" ಎಂದು ಕೇಳಿದ.

"ನಿಮಗೆ ತಿಳಿದದ್ದು ಬರೀರಿ."

ಮೂರೇ ಸಾಲು ಬರೆಯಲು ಕಾಲು ಗಂಟೆ ತೆಗೆದುಕೊಂಡ. ಲಾಬ್ರೂನಿ ಗಟ್ಟಿಯಾಗಿ ಓದಿದರು: ಮರಗಳು ನನ್ನವು. ತೆಗೆಯುತ್ತೇನೆ ಎಂದು ಮಾತು ಕೊಟ್ಟು ತೆಗೆಯಲಿಲ್ಲ. ಓಣಿ ಮುಚ್ಚಿದ್ದು ನಾನು, ನೊಯೆಲಿ ಅಲ್ಲ.

ಲಾಬ್ರೂನಿ ಗಡಿಯಾರ ನೋಡಿ, ಐದಾಯಿತೆಂದು ರಿಜಿಸ್ಟರು ಮುಚ್ಚಿದರು. "ಇದು ಜನ ಬಿಟ್ಟ ದಾರಿಯಲ್ಲ. ಮಾರಬೇಡಿ ಅಂತಲೇ ನನ್ನ ವರದಿ."

ಹೊರಗೆ ಮೆಟ್ಟಿಲ ಮೇಲೆ ಉರ್ಬಾಂ ಅವಳಿಗಾಗಿ ಕಾಯುತ್ತಿದ್ದ. ಟೋಪಿ ಕೈಯಲ್ಲಿತ್ತು.

"ನನ್ನ ಹೆಸರು ಯಾಕೆ ಬರೀಲಿಲ್ಲ ನೀನು?"

"ನಿನ್ನ ಮರ. ಹೇಳೋನು ನೀನು."

"ಆರು ವರ್ಷದಲ್ಲಿ ಒಂದೇ ಒಂದು ಸಲ ಬೈದಿದ್ರೂ ತೆಗೆದುಬಿಡ್ತಿದ್ದೆ ಕಣೆ. ನೀನು ಬಾಯೇ ಬಿಡ್ಲಿಲ್ಲ, ನಾನು ಮರೆತೇಬಿಟ್ಟೆ."

ನೊಯೆಲಿ ಅವನನ್ನೇ ನೋಡಿದಳು. "ಬೈಬೇಕಿತ್ತಾ ನಿಂಗೆ? ಹಾಗಾದ್ರೆ ತಗೋ" ಎಂದು ಶುರುಮಾಡಿದಳು. ಸೋಮಾರಿ ಎಂದಳು, ಶಾಲೆಯಲ್ಲೂ ಹೀಗೇ ಇದ್ದೆ ಎಂದಳು, ನಿನ್ನಪ್ಪ ಆಗಿದ್ದರೆ ಅದೇ ವಾರ ಮರ ಕೊಯ್ದು ಸೌದೆ ಒಟ್ಟುತ್ತಿದ್ದ ಎಂದಳು. ಮೆಟ್ಟಿಲಿಂದ ಅವನ ಟ್ರ್ಯಾಕ್ಟರ್ ನಿಂತಿದ್ದ ಜಾಗದವರೆಗೂ, ದಾರಿಯಲ್ಲಿ ಹೋಗುವವರೆಲ್ಲ ಕೇಳುವ ಹಾಗೆ, ಆರು ವರ್ಷದ್ದನ್ನು ಒಂದೇ ಸಲಕ್ಕೆ ಬೈದಳು. ಉರ್ಬಾಂ ಪಕ್ಕದಲ್ಲೇ ನಡೆದ. ಮರುದಿನ ಬೆಳಿಗ್ಗೆ ಎಂಟಕ್ಕೆ ಕ್ರೋ ಓಣಿಯಿಂದ ಗರಗಸದ ಸದ್ದು ಕೇಳಿತು.