ಅಜ್ಜಿ ಹಾಕಿದ ತೇಪೆ

2020ರಲ್ಲಿ ನಾನು ಡಬ್ಲಿನ್‌ನಲ್ಲಿ ಪೇಪರ್ ಕನ್ಸರ್ವೇಟರ್ ಆಗಿದ್ದೆ. ಹಳೆಯ ಚಿತ್ರ, ನಕಾಶೆಗಳ ಕಾಗದಕ್ಕೆ ಚಿಕಿತ್ಸೆ ಮಾಡುವ ಕೆಲಸ. ಲಾಕ್‌ಡೌನ್‌ನಲ್ಲಿ ಸ್ಟುಡಿಯೋ ಮುಚ್ಚಿದ ಮೇಲೆ ನಗರದಂಚಿನ ಲೂಕನ್‌ನ ನಮ್ಮ ಮನೆಯ ಊಟದ ಮೇಜೇ ನನ್ನ ಆಸ್ಪತ್ರೆಯಾಯಿತು. ಗಂಡ, ಮಕ್ಕಳು ತಟ್ಟೆ ಹಿಡಿದು ಸೋಫಾಕ್ಕೆ ಗುಳೆ ಹೋದರು. ನನಗಂತೂ ಖುಷಿಯೇ.

ಆಗ ಬಂದದ್ದು ನಮ್ಮ ಬೀದಿಯ ಸುಮಿತ್ರಾ ಆಂಟಿಯ ಚಿತ್ರ. ಅವರು ಮೈಸೂರಿನಿಂದ ಬಂದು ಇಲ್ಲಿ ಡಾಕ್ಟರಾಗಿದ್ದವರು, ಐರ್ಲೆಂಡಿನವರಾದ ಪ್ಯಾಟ್‌ರನ್ನು ಮದುವೆಯಾದವರು. ಪ್ಯಾಟ್ ಆಗ ವೃದ್ಧರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್‌ನಲ್ಲಿ ದಿನದಿನಕ್ಕೆ ಕುಗ್ಗುತ್ತಿದ್ದರು. ಭೇಟಿ ಬಂದ್.

ಚಿತ್ರ ಪ್ಯಾಟ್‌ರ ಅಜ್ಜಿಯಿಂದ ಬಂದದ್ದು. ಹದಿನೇಳನೇ ಶತಮಾನದ, ಬರೋಕ್ ಕಾಲದ ಎಚ್ಚಿಂಗ್. ಅಂದರೆ ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದಿ, ಶಾಯಿ ತುಂಬಿ ಒತ್ತಿದ ಅಚ್ಚು. ಗ್ರೀಕರ ಮದ್ಯದ ದೇವರು ಮರದಡಿ ಗೊರಕೆ ಹೊಡೆಯುತ್ತಿದ್ದಾನೆ. ಮೇಕೆಕಾಲಿನ ಪುಟಾಣಿಗಳು ಅವನ ದ್ರಾಕ್ಷಿಯೆಲೆ ಕಿರೀಟವನ್ನು ಕದ್ದು ಮೇಕೆಗೆ ತೊಡಿಸುತ್ತಿದ್ದಾರೆ. ಒಬ್ಬ ಪುಟಾಣಿಯ ಮೇಲೆ ಮಾತ್ರ ಕಾಗದದ ತೇಪೆ, ಮಡಿವಂತೆ ಅಜ್ಜಿ ಮೈದಾ ಗೋಂದಿನಿಂದ ಮೆತ್ತಿದ್ದು.

"ಅದರಡೀಲಿ ಏನಿದೆ ಅಂತ ಪ್ಯಾಟ್ ಚಿಕ್ಕೋನಾಗಿದ್ದಾಗಿಂದ ಕೇಳ್ತಾನೇ ಇದಾನೆ ಕಣಮ್ಮ. ಅವನಿರೋವಾಗ್ಲೇ ತೋರಿಸ್ಬೇಕು," ಎಂದರು ಆಂಟಿ, ಗೇಟಿನಾಚೆ ನಿಂತು.

ಕೀಳುವಾಗ ಕೆಳಗಿನ ಕಾಗದವೂ ಕಿತ್ತು ಬರಬಹುದು ಎಂದು ಎಚ್ಚರಿಸಿದೆ. ಹರಿದರೆ ಹರಿಯಲಿ, ಕಾಯುವ ಹೊತ್ತಿಲ್ಲ ಎಂದುಬಿಟ್ಟರು.

ತೇಪೆಯ ಮೇಲೆ ಒದ್ದೆ ಬ್ಲಾಟಿಂಗ್ ಪೇಪರ್ ಇಟ್ಟು, ಗೋಂದು ಮೆತ್ತಗಾದಂತೆಲ್ಲ ತೆಳು ಅಲಗಿನಿಂದ ಕೂದಲೆಳೆಯಷ್ಟೇ ಎಬ್ಬಿಸುತ್ತ ಹೋದೆ. ನಡುವೆ ಬೆಲ್ ಒತ್ತಿದ ಕೊರಿಯರ್‌ನವನಿಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದೆ. ಒಂದು ಮೂಲೆಯಲ್ಲಿ ಕೆಳಗಿನ ಕಾಗದದ ನಾರು ಎದ್ದಿತು. ಅಲ್ಲಿ ನಿಲ್ಲಿಸಿ, ಇನ್ನೊಂದು ಬದಿಯಿಂದ ಶುರುಮಾಡಿದೆ. ಕೊನೆಗೆ ತೇಪೆ ಇಡಿಯಾಗಿ ಎದ್ದಿತು. ಕೆಳಗಿನ ಪುಟಾಣಿ, ದೇವರ ಮದ್ಯದ ಬಟ್ಟಲಿಗೆ ಗುರಿಯಿಟ್ಟು ಉಚ್ಚೆ ಹೊಯ್ಯುತ್ತಿದ್ದ!

ವಿಡಿಯೋ ಕಾಲ್‌ನಲ್ಲಿ ಪ್ಯಾಟ್ ಪರದೆಯ ಹತ್ತಿರಕ್ಕೆ ಬಾಗಿ ನೋಡಿದರು. ಆಮೇಲೆ ನಗುವಿಗೆ ಅವರ ಭುಜ ಕುಲುಕತೊಡಗಿತು. ಅಜ್ಜಿ ದಿನವೂ ಇದರ ಕೆಳಗೇ ಕೂತು ಜಪಮಾಲೆ ಎಣಿಸುತ್ತಿದ್ದರಂತೆ. ನಗು ನಿಂತ ಮೇಲೆ, ಆಂಟಿಯಿಂದ ಕಲಿತ ಹರುಕುಮುರುಕು ಕನ್ನಡದಲ್ಲಿ ನನಗೆ ಹೇಳಿದರು: "ಗ್ರ್ಯಾಂಡ್. ಈಗ ವಾಪಸ್ ಅಂಟಿಸು. ಮೊಮ್ಮಕ್ಕಳೂ ಕೇಳಲಿ."

ಈ ಸಲ ಮೇಲಂಚನ್ನು ಮಾತ್ರ ಅಂಟಿಸಿದೆ, ಎತ್ತಿ ನೋಡಬಹುದಾದ ಹಾಗೆ. ಪ್ಯಾಟ್ ಆ ಚಳಿಗಾಲ ದಾಟಲಿಲ್ಲ.

ತೇಪೆಯ ಕೆಳತುದಿ ಈಗ ಮೊಮ್ಮಕ್ಕಳ ಪುಟ್ಟ ಬೆರಳುಗಳ ಜಿಡ್ಡಿನಿಂದ ಕಪ್ಪಾಗಿದೆ. ಕಲೆ ತೆಗೆಯುವುದೇ ನನ್ನ ಕಸುಬು. ಯಾವ ಕಲೆಯನ್ನು ಹಾಗೇ ಬಿಡಬೇಕೆಂದು ಕಲಿಸಿದ್ದು ಆ ಮನೆ. ಮೊನ್ನೆ ಆಂಟಿಯ ಮನೆಯಲ್ಲಿ ಚಹಾ ಕುಡಿಯುತ್ತ ಅದನ್ನು ನೋಡಿದೆ, ಮುಟ್ಟಲಿಲ್ಲ.