ಬೆರೆಸಿ ಹಂಚಿಕೊಂಡ ಗುಳಿಗೆ

ಮೊನ್ನೆ ಯಾರ ಮನೆಯಿಂದಲೋ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸುವ ಘಾಟು ಬಂತು. ಕೈಕೆಲಸ ಬಿಟ್ಟು ಕೂತೆ. ಬಂಗೂರನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕು ನೆನಪಾದರು... ನಲ್ಲಿಯ ಮುಂದೆ ಜಗಳಕ್ಕೆ ನಿಂತರೆ ಯಾರಪ್ಪನಿಗೂ ಜಗ್ಗದ ಹೆಂಗಸು. ಆದರೆ ಅವರ ಮನೆಯಲ್ಲಿ ಎರಡು ರೊಟ್ಟಿ ಇದ್ದರೆ ಒಂದು ನಮ್ಮ ತಾಟಿಗೆ ಬೀಳುತ್ತಿತ್ತು.

ಅರವತ್ತರ ದಶಕದ ಆರಂಭ. ನಾನಾಗ ಮದುವೆಯಾಗಿ ಹೊಸದಾಗಿ ಬಂದಿದ್ದೆ. ಅಲ್ಲಿನ ಕಾಗದದ ಕಾರ್ಖಾನೆಯಲ್ಲಿದ್ದ ಕಾಕುವಿನ ಗಂಡ, ನಮ್ಮ ಕಾಕಾ, ಲಕ್ವಾ ಹೊಡೆದು ಬಿದ್ದರು. ಬಲಗೈ ಹೋಯಿತು, ಮಾತೂ ಹೋಯಿತು. ಕಾಕು ಬೆಳ್ಳುಳ್ಳಿ ಎಣ್ಣೆ ತಿಕ್ಕಿ ತಿಕ್ಕಿ ಸೋತು, ಕಡೆಗೆ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಲಕ್ವಾದಿಂದ ಕೆಟ್ಟ ಮಿದುಳು ಚೇತರಿಸಿಕೊಳ್ಳಲೆಂದು ಹೊಸ ಗುಳಿಗೆಯೊಂದನ್ನು ಪರೀಕ್ಷಿಸುತ್ತಿದ್ದರು.

"ಕೆಲವರಿಗೆ ಖರೆ ಔಷಧ, ಕೆಲವರಿಗೆ ಬರೇ ಸಕ್ಕರಿ ಗುಳಿಗಿ. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಂಗಿಲ್ರಿ. ಆಗನ ಔಷಧದ ಗುಣ ತಿಳಿಯೂದು," ಎಂದು ಡಾಕ್ಟರು ಒಪ್ಪಿಗೆ ಕೇಳಿದರು. ಕಾಕು ಹೂಂ ಎಂದರು, ಕಾಕಾನ ಹೆಸರಿನ ಗುಳಿಗೆ ಬಾಟಲಿ ಅವರ ಕೈಗೆ ಬಂತು. ಗಂಡ ಮೊದಲಿನಂತೆ "ಏ, ಬಾ ಇಲ್ಲೆ" ಎಂದು ಒಮ್ಮೆ ಕರೆದರೆ ಅವರಿಗೆ ಸಾಕಿತ್ತು.

ಪಕ್ಕದ ಮಂಚದಲ್ಲಿ ಹಳಿಯಾಳ ಕಡೆಯ ಸಿದ್ದಿ ರೈತರೊಬ್ಬರಿದ್ದರು, ಅವರಿಗೂ ಅಂಥದೇ ಬಾಟಲಿ ಕೊಟ್ಟಿದ್ದರು. ಕೆಲವು ದಿನಗಳಲ್ಲಿ ಅವರ ಬೆರಳು ಅಲುಗಿದವು. ಕಾಕಾ ಇದ್ದ ಹಾಗೇ ಇದ್ದರು. ಖರೆ ಔಷಧ ಆ ಬಾಟಲಿಯಲ್ಲೇ ಇದೆ ಎಂದು ಕಾಕು ತೀರ್ಮಾನಿಸಿಬಿಟ್ಟರು. ಮೊಸರಿಗೆ ಹೆಪ್ಪು ಕೇಳುವಷ್ಟು ಸಲೀಸಾಗಿ ಆ ರೈತರ ಹೆಂಡತಿಯನ್ನು ಗುಳಿಗೆಯಲ್ಲಿ ಪಾಲು ಕೇಳಿದರು.

"ತಗೋರಿ ಅಕ್ಕಾ, ಇಬ್ಬರೂ ಆರಾಮ ಆಗ್ಲಿ," ಎಂದರು ಆಕೆ. ಎರಡೂ ಬಾಟಲಿ ಸೆರಗಿಗೆ ಸುರಿದು, ಬೆರೆಸಿ, ಸಮನಾಗಿ ಪಾಲು ಮಾಡಿಕೊಂಡರು.

ಮರುವಾರ ಕಾಕುವೇ ಹೆಮ್ಮೆಯಿಂದ ಡಾಕ್ಟರಿಗೆ ಹೇಳಿದರು. ಅವರು ಬೈಯಲಿಲ್ಲ, ತಲೆ ಹಿಡಿದು ಕೂತರು. ಯಾರು ಯಾವ ಗುಳಿಗೆ ನುಂಗಿದರೆಂದು ಇನ್ನು ತಿಳಿಯುವಂತಿರಲಿಲ್ಲ; ಇಬ್ಬರನ್ನೂ ಪರೀಕ್ಷೆಯಿಂದ ಕೈಬಿಡಬೇಕಾಯಿತು, ಗುಳಿಗೆಯೂ ನಿಂತಿತು. ಆ ರೈತರು ಊರಿಗೆ ಹೋದರು, ಮುಂದೇನಾಯಿತೋ ತಿಳಿಯದು. ಕಾಕಾ ಮನೆಗೆ ಬಂದ ಮೇಲೂ ಏನೋ ಹೇಳಲೆಂದು ಬಾಯಿ ತೆರೆಯುತ್ತಿದ್ದರು, ಮಾತು ಹೊರಡುತ್ತಿರಲಿಲ್ಲ. ಕಾಕು ಆ ಬಾಯನ್ನೇ ನೋಡುತ್ತ ಕೂರುತ್ತಿದ್ದರು. ಒಂದು ಮಾತೂ ಆಡದೆ ಕಾಕಾ ತೀರಿಕೊಂಡರು.

ಆಮೇಲೊಮ್ಮೆ ಕಾಳು ಹಸನು ಮಾಡುತ್ತ ಕಾಕು ನನ್ನನ್ನು ಕೇಳಿದರು.

"ತಂಗಿ, ಖರೆ ಔಷಧ ನಮ್ಮ ಬಾಟಲಿಯೊಳಗನ ಇತ್ತೇನು? ನಾನ ಅದಕ್ಕ ಸಕ್ಕರಿ ಬೆರೆಸಿದೆನೇನು?"

"ಇಲ್ರಿ ಕಾಕು," ಎಂದೆ. ನನಗೇನು ಗೊತ್ತು? ಅವರು ಮತ್ತೆ ಮೊರದತ್ತ ಬಗ್ಗಿ ಕಲ್ಲು ಆರಿಸತೊಡಗಿದರು. ಆ ಪ್ರಶ್ನೆ ಇಟ್ಟುಕೊಂಡೇ ಬದುಕಿ ಹೋದರು.

ಲಕ್ವಾಕ್ಕೆ ಈಗಲೂ ಹೊಸ ಹೊಸ ಔಷಧ ಪರೀಕ್ಷಿಸುತ್ತಲೇ ಇದ್ದಾರಂತೆ. ಆ ಗುಳಿಗೆಯ ಗತಿ ಏನಾಯಿತೆಂದು ನಮಗೆ ಯಾರೂ ಹೇಳಲಿಲ್ಲ. ಅದರಿಂದ ಯಾರಿಗೂ ಗುಣವಾಗಲಿಲ್ಲ ಎಂದು ಯಾರಾದರೂ ಬಂದು ಹೇಳಿದ್ದರೆ, ಕಾಕು ನೆಮ್ಮದಿಯಾಗಿ ಅತ್ತುಬಿಡುತ್ತಿದ್ದರು.